ಬಾಗಿಲ ಮಾತಿನ ಸುಜಾತಾ ಅಕ್ಕೋರು

ಸುಜಾತಾ ಅಕ್ಕೋರನ್ನು ನಾನು ಮೊದಲ ಸಲ ನೋಡಿದಾಗ ಅವರು ಮೂರನೇ ತರಗತಿಯ ಬಾಗಿಲಲ್ಲಿ ಎರಡೂ ಕೈ ಚಾಚಿ, ಎರಡೂ ಕಡೆಯ ಚೌಕಟ್ಟು ಹಿಡಿದು ನಿಂತಿದ್ದರು. ಎತ್ತರದ ಹೆಂಗಸು, ಮೈ ತೆಳ್ಳಗೆ, ಹೆಗಲಿಗೆ ಪಿನ್ನು ಹಾಕಿ ಬಿಗಿಯಾಗಿ ಉಟ್ಟ ನೀಲಿ ಸೀರೆ. ಹೊರಗೆ ಮಕ್ಕಳು ಚೀಲ ಬೆನ್ನಿಗೇರಿಸಿ ಸಾಲಾಗಿ ನಿಂತಿದ್ದರು. ಯಾರೂ ಅಳುತ್ತಿರಲಿಲ್ಲ, ಆದರೆ ಎಲ್ಲರ ಮುಖದ ಮೇಲೂ ಪರೀಕ್ಷೆಯ ಕಳೆ. ಏನೋ ತಪ್ಪಾಗಿದೆ, ಶಿಕ್ಷೆ ನಡೆದಿದೆ ಎಂದುಕೊಂಡೆ. ಅವತ್ತೇ ಅತಿಥಿ ಶಿಕ್ಷಕಿಯಾಗಿ ಹಾಜರಾಗಲು ಮಸ್ಕಿಯಿಂದ ಬಂದವಳು ನಾನು. ಮೊದಲ ದಿನವೇ ಇದನ್ನು ನೋಡಬೇಕಾಯಿತಲ್ಲ ಎಂದು ಬೇಸರವಾಯಿತು.

ಸಾಲಿನ ಮುಂದಿದ್ದ ಹುಡುಗ ಕುತ್ತಿಗೆ ಎತ್ತಿ, "ತೂಬು ರೀ" ಅಂದ.

"ಯಾರಂದ್ರು?"

"ನಮ್ಮ ಕಾಕಾ ರೀ. ನಿನ್ನಿ ಸಂಜಿಮುಂದ. ತೂಬು ಕಟ್ಟೈತಿ, ನೀರು ಬರವಲ್ದು ಅಂತ ಬೈಯಾಕತ್ತಿದ್ದ ರೀ."

ಅಕ್ಕೋರ ಬಲಗೈ ಗೇಟಿನ ಹಾಗೆ ಮೇಲೆದ್ದಿತು. ಹುಡುಗ ಕೆಳಗಿಂದ ತೂರಿ ಒಳಗೆ ಹೋದ. ಕೈ ಮತ್ತೆ ಇಳಿಯಿತು. ನಾನು ಗಿಡ್ಡಿ. ಇನ್ನೊಂದು ಕೈಯ ಕೆಳಗೆ ಸದ್ದಿಲ್ಲದೆ ನುಸುಳಿದೆ. ಮಕ್ಕಳೆಲ್ಲ ಒಟ್ಟಿಗೆ ಕೂಗಿದರು, ಮೋಸ ಮೋಸ ಅಂತ. ಅಕ್ಕೋರು ತಿರುಗಿ ನೋಡಿ, ನಗದೇ ಹೇಳಿದರು: "ಹೊಸ ಅಕ್ಕೋರದು ಬಾಕಿ ಐತ್ರೆಪ. ನಾಳಿ ಎರಡು ತರ್ತಾರ."

ಸಿಂಧನೂರಿನಲ್ಲಿ ಬಸ್ಸು ಇಳಿದು, ಆಟೋ ಹಿಡಿದು, ಕಾಲುವೆ ಗುಂಟ ಹೋದರೆ ಸಿಗುವ ಊರು ಅದು. ಹೆಸರು ಬೇಡ. ಸುತ್ತ ಎಲ್ಲಿ ನೋಡಿದರೂ ನೆಲ್ಲಿನ ಗದ್ದೆ, ವರ್ಷದಲ್ಲಿ ಬಹಳ ದಿನ ಕಣ್ಣಿಗೆ ತಂಪು. ಒಳ್ಳೆಯ ಊರು ಎಂದೇ ಹೇಳಬೇಕು. ನನ್ನನ್ನು ಇಂದಿಗೂ ಅಲ್ಲಿ ಚೆನ್ನಾಗಿಯೇ ಮಾತಾಡಿಸುತ್ತಾರೆ.

ಬಾಗಿಲ ಮಾತು ಅಂದರೆ ಇಷ್ಟೇ. ದಿನಕ್ಕೊಂದು ಹೊಸ ಮಾತು ಹೇಳಿ ಒಳಗೆ ಬರಬೇಕು. ಪುಸ್ತಕದ ಮಾತು ನಡೆಯುವುದಿಲ್ಲ, ಟಿವಿಯದೂ ನಡೆಯುವುದಿಲ್ಲ. ಮನೆಯಲ್ಲೋ ಗದ್ದೆಯಲ್ಲೋ ಕಟ್ಟೆಯ ಮೇಲೋ ಯಾರಾದರೂ ಆಡಿದ ಮಾತೇ ಆಗಬೇಕು. ಯಾರು ಆಡಿದರು, ಯಾವಾಗ, ಯಾಕೆ ಎಂದು ಹೇಳಬೇಕು. ಬೇರೆಯವರು ತಂದದ್ದನ್ನೇ ತಂದರೆ ಸಾಲಿನ ಹಿಂದಕ್ಕೆ ಹೋಗಿ ನಿಲ್ಲಬೇಕು, ಯೋಚಿಸಬೇಕು. ತಂದ ಮಾತನ್ನು ಅವತ್ತು ಎಲ್ಲರೂ ಎಲ್ಲಾದರೂ ಒಮ್ಮೆ ಬಳಸಬೇಕು. ಬಿಸಿಯೂಟದ ಸಾಲಿನಲ್ಲಿ ನಿಂತು, "ನಿನ್ನ ತೂಬು ಕಟ್ಟೈತೇನಲೇ, ಮೂಗು ಸೀನು" ಎಂದು ಒಬ್ಬ ಇನ್ನೊಬ್ಬನಿಗೆ ಅಂದದ್ದನ್ನು ನಾನೇ ಕೇಳಿದ್ದೇನೆ.

ಇದನ್ನೆಲ್ಲ ಅವರು ಯಾವ ತರಬೇತಿಯಲ್ಲೂ ಕಲಿತಿರಲಿಲ್ಲ. ನಮ್ಮ ಮಕ್ಕಳು ಪಾಠವನ್ನು ಗಟಗಟ ಓದುತ್ತಿದ್ದರು, ಅರ್ಥ ಕೇಳಿದರೆ ಮೇಲೆ ನೋಡುತ್ತಿದ್ದರು. ಅರ್ಧ ಮಕ್ಕಳ ಮನೆಯಲ್ಲಿ ತೆಲುಗು, ಕೆಲವರಲ್ಲಿ ಉರ್ದು, ಉಳಿದವರಲ್ಲಿ ಕನ್ನಡವಿದ್ದರೂ ಎಲ್ಲದಕ್ಕೂ 'ಅದು', 'ಇದು', 'ಹಂತಾದು'. ಅಕ್ಕೋರಿಗೆ 'ಅದು' ಅಂದರೆ ಆಗುತ್ತಿರಲಿಲ್ಲ. "ಅಕ್ಕೋರೆ, ಅದನ್ನ ಕೊಡ್ರಿ" ಎಂದು ಯಾರಾದರೂ ಸೀಮೆಸುಣ್ಣದ ಕಡೆ ಕೈ ತೋರಿಸಿದರೆ ಕಿವಿಯೇ ಕೇಳದವರಂತೆ ಕೂತುಬಿಡುತ್ತಿದ್ದರು. "ಅದಕ್ಕೊಂದು ಹೆಸರಿಲ್ಲೇನು? ನಿನಗ ಹೆಸರಿಲ್ಲದಂಗ 'ಅದು ಬಾ ಇಲ್ಲಿ' ಅಂದ್ರ ನಡಿತೈತೇನು?" ಅನ್ನುವರು. ತೆಲುಗಿನ ಮಾತು ತಂದ ಮಗುವನ್ನು ಸಾಲಿನವರು ಆಡಿಕೊಂಡಾಗ ಮಾತ್ರ ಅವರಿಗೆ ಸಿಟ್ಟು ಬಂದದ್ದನ್ನು ನೋಡಿದೆ. "ನಮ್ಮೂರಾಗ ಅನ್ನ ಉಂಡ ಮಾತು ನಮ್ದ. ಬಿಡ್ರಿ ಅವನ್ನ ಒಳಗ."

ಕಣ್ಣಿಗೆ ಕಾಣುವ ವಸ್ತುಗಳ ಹೆಸರಿಗಿಂತ ಕಾಣದವುಗಳ ಹೆಸರು ಅವರಿಗೆ ಹೆಚ್ಚು ಪ್ರೀತಿ. ಭಾರತಿ ಎಂಬ ಮೂಕಿಯಂಥ ಹುಡುಗಿಯೊಬ್ಬಳಿದ್ದಳು. ಎಷ್ಟೋ ದಿನ ಅವಳು ಸಾಲಿನ ಕೊನೆಗೆ ನಿಂತು, ಎಲ್ಲರೂ ಹೋದ ಮೇಲೆ ಅಕ್ಕೋರ ಮುಖ ನೋಡುತ್ತಿದ್ದಳು. ಅಕ್ಕೋರೂ ಅಷ್ಟೇ ಪುರಸೊತ್ತಾಗಿ ನಿಂತಿರುತ್ತಿದ್ದರು. ಒಂದು ಬೆಳಿಗ್ಗೆ ಅವಳು, "ಅಳುಕು ರೀ" ಅಂದಳು. ಯಾರಂದರು ಎಂದು ಕೇಳಿದರೆ, "ನಮ್ಮವ್ವ ರೀ. ಅಪ್ಪ ಬರೋ ಹೊತ್ತಿಗೆ ಅಂತಾಳ. ಎದಿಯಾಗ ಅಳುಕು ಬರ್ತೈತಿ ಅಂತಾಳ." ಅಕ್ಕೋರು ಕೈ ಎತ್ತಿ, ಅವಳು ಹಾದುಹೋಗುವಾಗ ತಲೆ ಮುಟ್ಟಿದರು. ಅವತ್ತು ಆ ಮಾತನ್ನು ಬಳಸಿ ಎಂದು ಯಾರಿಗೂ ಹೇಳಲಿಲ್ಲ. ಆ ವಾರವೇ ಅವಳ ತಾಯಿಯನ್ನು ಶಾಲೆಗೆ ಕರೆಸಿ ಬಹಳ ಹೊತ್ತು ಮಾತಾಡಿದರು.

ಅಕ್ಕೋರ ಜೊತೆ ನನ್ನ ಗೆಳೆತನ ಬೆಳೆದದ್ದು ಬಸ್ಸಿನಲ್ಲಿ. ಅವರು ಲಿಂಗಸುಗೂರಿನಲ್ಲಿ ಹತ್ತುವರು, ನಾನು ಮಸ್ಕಿಯಲ್ಲಿ. ಸರ್ಕಾರ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡಿದ ಮೇಲೆ ಆ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಅಕ್ಕೋರು ಪಕ್ಕದ ಸೀಟಿನ ಮೇಲೆ ಊಟದ ಚೀಲ ಇಟ್ಟು, ಇಡೀ ಬಸ್ಸಿನ ಬೈಗುಳ ತಿನ್ನುತ್ತ ನನಗಾಗಿ ಅದನ್ನು ಕಾಯುತ್ತಿದ್ದರು. ಮಸ್ಕಿಯಿಂದ ಸಿಂಧನೂರಿನ ತನಕ ನಮ್ಮ ಮಾತು. ಅವರ ತವರು ಸಂತೆಕಲ್ಲೂರಿನ ಕಡೆ. "ನಾ ಜ್ವಾಳದ ಸೀಮ್ಯಾಕಿ ಗಿರಿಜಾ. ಈ ನೆಲ್ಲಿನ ಮಾತೆಲ್ಲ ಈ ಹುಡ್ರ ಕಲಿಸ್ಯಾವ ನನಗ" ಅನ್ನುವರು. ಅವರ ತಂದೆ ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಹರೆಯದಲ್ಲಿಯೇ ಬೌದ್ಧರಾದವರು. ಮಗಳಿಗೆ ಸುಜಾತಾ ಎಂದು ಹೆಸರಿಟ್ಟದ್ದೂ ಅದಕ್ಕೇ. ಅಕ್ಕೋರು ತಮ್ಮ ಮಗಳಿಗೆ ಸಂಘಮಿತ್ರಾ ಎಂದು ಇಟ್ಟಿದ್ದರು. ಮನೆಯಲ್ಲಿ ಮಿತ್ರಾ.

ಮಿತ್ರಾಳ ವಿಷಯ ಅವರು ತಾವಾಗಿ ಹೇಳಲಿಲ್ಲ. ನಾನೇ ಕೆದಕಿದೆ. ಗಂಡನಿಗೆ ಗಣಿಯಲ್ಲಿ ಪಾಳಿ ಕೆಲಸ, ಒಂದು ವಾರ ಹಗಲು, ಒಂದು ವಾರ ರಾತ್ರಿ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಅತ್ತೆ. ಅತ್ತೆ ದೇವರಂಥವರು, ಕಿವಿ ಮಾತ್ರ ಪೂರಾ ಮಂದ. ಮಗು ಬೇಕಾದದ್ದಕ್ಕೆ ಬೆರಳು ಮಾಡುವುದು, ಅಜ್ಜಿ ಕೊಡುವುದು, ಹೀಗೆ ಆ ಮನೆಯ ದಿನ ಸಾಗುತ್ತಿತ್ತು. ಅಕ್ಕೋರು ಬೆಳಿಗ್ಗೆ ಹೊರಡುವಾಗ ಮಗು ನಿದ್ದೆಯಲ್ಲಿ, ಸಂಜೆ ಮುಟ್ಟುವಾಗ ಮಗು ತೂಕಡಿಕೆಯಲ್ಲಿ. ಐದು ತುಂಬುತ್ತ ಬಂದರೂ ಅದರ ಬಾಯಲ್ಲಿ ಬಿಡಿ ಬಿಡಿ ನಾಲ್ಕು ಮಾತು ಬಿಟ್ಟರೆ ಬೇರಿಲ್ಲ.

"ಡಾಕ್ಟರ್ ಹತ್ರ ತೋರಿಸಿದ್ರೇನು ಅಕ್ಕೋರೆ?"

"ತೋರಿಸೀನಿ. ಕಿವಿ ಚಲೋ ಐತಿ, ನಾಲಿಗಿ ಚಲೋ ಐತಿ, ಏನೂ ಆಗಿಲ್ಲ ಅಂದ್ರು." ಕಿಟಕಿಯ ಕಡೆ ತಿರುಗಿದರು. "ಕೂಸಿನ್ನ ಮಾತಾಡಸ್ರಿ ಅಂದ್ರು. ಮನ್ಯಾಗ ಮಾತು ಕೇಳಿದ್ರ ಅದಕ್ಕೂ ಬರ್ತೈತಿ, ಈಗ ಬಿಟ್ರ ಕಷ್ಟಾಗ್ತೈತಿ ಅಂದ್ರು. ನನಗ ಹೇಳಿದ್ರು ನೋಡು ಇದನ್ನ. ಊರ ಮಕ್ಕಳಿಗೆಲ್ಲ ಮಾತು ಕಲಿಸೋ ನನಗ."

ಪಕ್ಕದಲ್ಲಿ ನಿಂತಿದ್ದ ಹೆಂಗಸಿನ ಬುಟ್ಟಿ ನಮ್ಮ ಮೇಲೆ ಒರಗಿತ್ತು. ನಾನು ಏನಾದರೂ ಸಮಾಧಾನ ಹೇಳಬೇಕಿತ್ತು. ನನಗೆ ಸಮಾಧಾನ ಹೇಳಲು ಬರುವುದಿಲ್ಲ, ಸಿಟ್ಟು ಬರುತ್ತದೆ. "ಊರಾಗ ಒಂದು ಮನಿ ಮಾಡ್ರಿ ಮತ್ತ" ಎಂದು ಗದರಿದಂತೆ ಅಂದೆ.

ಅದು ಅವರಿಗೆ ತಿಳಿಯದ್ದೇನಲ್ಲ. ಶಾಲೆಯ ಗೋಡೆಗೆ ಅಂಟಿಕೊಂಡೇ ಅಂಗನವಾಡಿ ಇತ್ತು. ಊರಲ್ಲಿ ಮನೆ ಸಿಕ್ಕರೆ ಮಗುವನ್ನು ಅಲ್ಲಿ ಬಿಟ್ಟು, ಕಿಟಕಿಯಿಂದ ನೋಡುತ್ತ ಪಾಠ ಮಾಡಬಹುದು. ಮಧ್ಯಾಹ್ನ ಜೊತೆಗೆ ಉಣ್ಣಬಹುದು. ಸಿಂಧನೂರಿನಲ್ಲಿ ಮನೆ ಮಾಡಿದರೆ ಹಗಲಿಡೀ ಮಗುವನ್ನು ಯಾರ ಹತ್ತಿರ ಬಿಡುವುದು? ಅತ್ತೆ ಲಿಂಗಸುಗೂರು ಬಿಟ್ಟು ಬರುವವರಲ್ಲ. ಹಾಗಾಗಿ ಊರಿನ ಮನೆಯೊಂದೇ ದಾರಿ. ಅಕ್ಕೋರು ಕೇಳಿದ್ದರು. ಎಲ್ಲ ಓಣಿಯಲ್ಲೂ ಕೇಳಿದ್ದರು. ಒಬ್ಬರ ಮಗ ಬರುವವನಿದ್ದ, ಒಬ್ಬರ ಮನೆ ರಿಪೇರಿಯಲ್ಲಿತ್ತು, ಒಬ್ಬರು ನೆಲ್ಲು ತುಂಬುವವರಿದ್ದರು. ಎಲ್ಲರೂ ಕೂರಿಸಿ, ಚಹಾ ಕೊಟ್ಟು, "ಖಾಲಿ ಇಲ್ರಿ ಅಕ್ಕೋರೆ" ಎಂದಿದ್ದರು. ಚಹಾ ಪೇಪರ್ ಕಪ್ಪಿನಲ್ಲಿ ಬರುತ್ತಿತ್ತು. ಅದೇ ಮನೆಗಳಲ್ಲಿ ನನಗೆ ಸ್ಟೀಲ್ ಲೋಟ.

ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಕ್ಕೋರು ಬಂದ ಮೊದಲ ವಾರದಲ್ಲೇ ಊರು, "ನಿಮ್ಮ ತವರು ಯಾವೂರು, ಯಾರ ಪೈಕಿ" ಎಂದು ಕೇಳಿ ತಿಳಿದುಕೊಂಡಿತ್ತು. ಧರ್ಮ ಬದಲಾದರೂ ಊರಿಗೆ ಹಳೆಯ ಜಾತಿಯ ಲೆಕ್ಕವೇ ಲೆಕ್ಕ. ಕೇರಿಯವರೊಬ್ಬರು ತಮ್ಮ ಎರಡು ಕೋಣೆಯಲ್ಲಿ ಒಂದನ್ನು ಬಿಟ್ಟುಕೊಡಲು ಬಂದರು. ಆ ಮನೆ ಅವರಿಗೇ ಸಾಲದು, ಹಿಂದಿನ ವರ್ಷ ಸೊಸೆ ಬೇರೆ ಬಂದಿದ್ದಳು. ಅಕ್ಕೋರು ಕೈ ಮುಗಿದು ಬೇಡ ಅಂದರು. ನನಗಾದರೆ ಹಣೆಯ ಮೇಲಿನ ವಿಭೂತಿ ನೋಡಿಯೇ ಕೇಳದೆ ಮನೆ ತೋರಿಸಿದರು. ಗುಡಿಯ ಹಿಂದಿನದು, ನಲ್ಲಿ ಇದೆ, ಬೇಕಾದಾಗ ಬನ್ನಿ ಎಂದರು. ನಾನು ಇದನ್ನು ಬಸ್ಸಿನಲ್ಲಿ ಅಕ್ಕೋರಿಗೆ ಹೇಳಿದಾಗ ಅವರು, "ನಲ್ಲಿ ಚಲೋ ಬರ್ತೈತಂತೇನು?" ಎಂದಷ್ಟೇ ಕೇಳಿದರು.

ಉಳಿದದ್ದು ವರ್ಗಾವಣೆ. ಲಿಂಗಸುಗೂರಿನ ಹತ್ತಿರದ ಶಾಲೆಗೆ ಅರ್ಜಿ ಹಾಕಿ ಕಾಯುತ್ತಿದ್ದರು. ಆ ನಡುವೆಯೇ ಅಧಿಕಾರಿ ಬಂದರು.

ಅದನ್ನು ನೆನೆದರೆ ಈಗಲೂ ನಗು ಬರುತ್ತದೆ. ಅಕ್ಕೋರು ಕಚೇರಿ ಲೆಕ್ಕ ಬರೆಯುವ ದಿನಗಳಲ್ಲಿ ಬಾಗಿಲು ಕಾಯುವ ಕೆಲಸ ರೇಣುಕಾ ಎಂಬ ಹುಡುಗಿಯದು. ಅಂಗೈಯಗಲ ಹುಡುಗಿ, ಕೈ ಚಾಚಿದರೂ ಚೌಕಟ್ಟಿಗೆ ಮುಟ್ಟುತ್ತಿರಲಿಲ್ಲ, ಆದರೂ ಕಾಯುತ್ತಿದ್ದಳು. ಜಿಲ್ಲೆಯ ಕಡೆಯಿಂದ ದೊಡ್ಡ ಅಧಿಕಾರಿಯೊಬ್ಬರು ಹೇಳದೇ ಕೇಳದೇ ಬಂದುಬಿಟ್ಟರು. ಹಿಂದೆ ಹೆಡ್‌ಮಾಸ್ತರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಓಡಿ ಬರುತ್ತಿದ್ದಾರೆ. ಅಧಿಕಾರಿ ಬಾಗಿಲಿಗೆ ಬಂದರೆ ರೇಣುಕಾ ಜಪ್ಪಯ್ಯ ಅನ್ನಲಿಲ್ಲ.

"ಮಾತು ಹೇಳಿ ಒಳಗ ಹೋಗ್ರಿ."

ಅಧಿಕಾರಿ ನಕ್ಕು, "ಅಭಿವೃದ್ಧಿ" ಅಂದರು.

"ನಿಮ್ಮ ಮನ್ಯಾಗ ಯಾರಂತಾರ್ರಿ ಅದನ್ನ?"

ಅವರು ಸ್ವಲ್ಪ ಯೋಚಿಸಿ, "ಮನ್ಯಾಗ ಯಾರೂ ಅನ್ನಂಗಿಲ್ಲವಾ" ಅಂದರು. ದೊಡ್ಡ ಮನುಷ್ಯ ನಮ್ಮ ಕಡೆಯವನೇ ಎಂದು ಆಗ ಗೊತ್ತಾಯಿತು.

"ಹಂಗಾರ ನಡ್ಯಂಗಿಲ್ರಿ. ಹಿಂದ ಹೋಗಿ ನಿಂದರ್ರಿ, ನೆನಪ ಮಾಡ್ಕೋರಿ."

ಹೆಡ್‌ಮಾಸ್ತರ ಮುಖದಲ್ಲಿ ರಕ್ತವಿರಲಿಲ್ಲ. ಅಧಿಕಾರಿ ನಿಜಕ್ಕೂ ಒಂದು ಹೆಜ್ಜೆ ಹಿಂದೆ ಹೋಗಿ ನಿಂತರು. ಆಮೇಲೆ ಮೆಲ್ಲಗೆ, "ತತ್ರಾಣಿ" ಅಂದರು. "ನಮ್ಮಜ್ಜಿ ಅಂತಿದ್ದಳು. ಹೊಲಕ್ಕ ನೀರು ಒಯ್ಯೋ ಮಣ್ಣಿನ ಗಡಿಗಿ. ಅದರಾಗಿನ ನೀರು ಭಾಳ ತಣ್ಣಗಿರ್ತಿತ್ತು." ರೇಣುಕಾ ಅದನ್ನು ಕೇಳಿರಲಿಲ್ಲ. ತಲೆಯಾಡಿಸಿ ಪಕ್ಕಕ್ಕೆ ಸರಿದಳು. ಅವರ ಜೊತೆ ಬಂದವರು ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿದಿದ್ದರು. ಸಂಜೆಯೊಳಗೆ ಅದು ಮೂರೂ ತಾಲೂಕು ಸುತ್ತಿ, ನಮ್ಮ ಬಸ್ಸಿನ ಕಂಡಕ್ಟರನ ಫೋನಿಗೂ ಬಂದಿತ್ತು.

ಅಲ್ಲಿಂದ ಅಕ್ಕೋರ ಕುತ್ತಿಗೆಗೆ ಹೊಗಳಿಕೆ ಬಿತ್ತು. ನಮ್ಮದು ಮಾದರಿ ಶಾಲೆಯಾಯಿತು. ಬೇರೆ ಊರಿನ ಶಿಕ್ಷಕರು ತಂಡ ಕಟ್ಟಿಕೊಂಡು ನೋಡಲು ಬಂದರು. ಅವರಿಗೆ ತರಬೇತಿ ಕೊಡಿ ಎಂದು ಅಕ್ಕೋರನ್ನು ಭಾನುವಾರಗಳಲ್ಲಿ ಸಿಂಧನೂರಿಗೆ ಕರೆದರು. ಮಗುವಿನ ಜೊತೆ ಪೂರ್ತಿ ಕಳೆಯಲು ಇದ್ದದ್ದೇ ಭಾನುವಾರ, ಅದೂ ಹೋಯಿತು. ನಾನು, "ಬರಂಗಿಲ್ಲ ಅನ್ರಿ, ಏನ್ ಮಾಡ್ತಾರ" ಅಂದೆ. "ಅನ್ನಬೌದು. ಆಮ್ಯಾಲ ವರ್ಗಾವಣಿ ಅವರ ಕೈಯಾಗ ಐತೆಲ್ಲ ಗಿರಿಜಾ" ಅಂದರು. ಮಧ್ಯಾಹ್ನ ಊಟದ ಹೊತ್ತಿಗೆ ಮನೆಗೆ ಫೋನು ಮಾಡುವರು. ಅತ್ತೆಗೆ ರಿಂಗು ಕೇಳದು. ಕೇಳಿದ ದಿನ ಮಗು ಫೋನು ಕಿವಿಗಿಟ್ಟು ಸುಮ್ಮನಿರುವುದು. ಅಕ್ಕೋರು ಒಬ್ಬರೇ ಶಾಲೆಯ ಬೇವಿನ ಗಿಡದ ಕೆಳಗೆ ತಿರುಗಾಡುತ್ತ, ಏನು ಉಂಡೆ, ಯಾವ ಅಂಗಿ ಹಾಕಿಕೊಂಡೆ, ಅಂಗಿಯ ಮೇಲೆ ಏನಿದೆ ಎಂದು ಉತ್ತರವಿಲ್ಲದ ಪ್ರಶ್ನೆ ಕೇಳುತ್ತಲೇ ಇರುತ್ತಿದ್ದರು. ನನಗೆ ನೋಡಲಾಗದೆ ಒಳಗೆ ಹೋಗುತ್ತಿದ್ದೆ.

ಆ ವರ್ಷ ವರ್ಗಾವಣೆಯ ಕೌನ್ಸೆಲಿಂಗಿನಲ್ಲಿ ಅವರ ಹೆಸರು ಬರಲಿಲ್ಲ. ಯಾಕೆ ಎಂಬುದು ಒಂದು ಮಧ್ಯಾಹ್ನ ತಿಳಿಯಿತು. ಶಾಲಾ ಸಮಿತಿಯ ಅಧ್ಯಕ್ಷ ಅಮರೇಗೌಡರು ನಾಲ್ಕು ಜನ ಹಿರಿಯರನ್ನು ಕಟ್ಟಿಕೊಂಡು, ಶಾಲು ಹಿಡಿದು ಶಾಲೆಗೆ ಬಂದರು. ಗೌಡರು ಕೆಟ್ಟವರಲ್ಲ. ಅವರ ಮೊಮ್ಮಗ ಅಕ್ಕೋರ ಹತ್ತಿರ ಕಲಿತು, ಹಬ್ಬಕ್ಕೆ ಬಂದ ನೆಂಟರೆದುರು ಪಟಪಟ ಮಾತಾಡಿದ್ದನ್ನು ಹೇಳುವಾಗ ಅವರ ಕಣ್ಣು ತುಂಬುತ್ತಿತ್ತು. "ಅಕ್ಕೋರೆ, ಖುಷಿ ಸುದ್ದಿ. ನೀವು ಎಲ್ಲೂ ಹೋಗಂಗಿಲ್ಲ. ಮಾದರಿ ಸಾಲಿಯವರನ್ನ ಬಿಡಬ್ಯಾಡ್ರಿ ಅಂತ ನಾವು ಮ್ಯಾಲಿನವರಿಗೆ ಹೇಳಿ ನಿಮ್ಮ ವರ್ಗಾವಣಿ ತಡದೀವ್ರಿ" ಅಂದರು. ಶಾಲು ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಮಕ್ಕಳು ಎಲ್ಲರಿಗಿಂತ ಜೋರಾಗಿ. ಅಕ್ಕೋರು ಕೈ ಮುಗಿದರು. ನಾನು ತಟ್ಟಲಿಲ್ಲ. ಬಸ್ಸಿನಲ್ಲಿ ಅವರು ಆ ಶಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಇವರು ನನ್ನ ಬೈದಿದ್ರ ಜಗಳ ಮಾಡ್ತಿದ್ದೆ ಗಿರಿಜಾ. ಹಿಂಗ ಪ್ರೀತಿ ಮಾಡಿದ್ರ ಯಾರ ಹತ್ರ ಹೋಗಿ ಹೇಳ್ಲಿ?"

ಮರುವರ್ಷ ಆದೇಶ ಬಂತು. ಹೇಗೆ ಬಂತೋ, ಗಂಡ ಎಲ್ಲೆಲ್ಲಿ ಅಲೆದನೋ. ಲಿಂಗಸುಗೂರಿನಿಂದ ನಡೆದು ಹೋಗುವಷ್ಟು ದೂರದ ಶಾಲೆ. ಹೆಡ್‌ಮಾಸ್ತರು ಬಿಡುಗಡೆಯ ಸಹಿ ಹಾಕಿದರೆ ಮುಗಿಯಿತು. ಅವತ್ತು ಬೆಳಿಗ್ಗೆ ಬಸ್ಸಿನಲ್ಲಿ ಅಕ್ಕೋರು ನಕ್ಕಿದ್ದನ್ನು ನೋಡಿ ಅವರಿಗೆ ಕೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂದು ನನಗೆ ಗೊತ್ತಾಯಿತು.

ಪ್ರಾರ್ಥನೆ ಮುಗಿಯುವಷ್ಟರಲ್ಲಿ ಊರು ಬಂದು ಶಾಲೆಯ ಗೇಟಿಗೆ ಹೊರಗಿನಿಂದ ಬೀಗ ಹಾಕಿತು. ನಮ್ಮ ಕಡೆ ಬೇಡಿಕೆ ಇದ್ದಾಗ ಶಾಲೆಗೆ ಬೀಗ ಹಾಕುವುದು ರೂಢಿ, ಆದರೆ ಎಲ್ಲರನ್ನೂ ಹೊರಗೆ ಕಳಿಸಿ ಹಾಕುತ್ತಾರೆ. ಇವರು ನಮ್ಮೆಲ್ಲರನ್ನೂ ಒಳಗೇ ಇಟ್ಟು ಹಾಕಿದರು. ಅಕ್ಕೋರು ಹೊರಗೆ ಹೋದರೆ ಬಸ್ಸು ಹತ್ತಿಬಿಡುತ್ತಾರೆ ಎಂಬ ಅಂಜಿಕೆ. ಕೀಲಿ ಅಮರೇಗೌಡರ ಜುಬ್ಬದ ಕಿಸೆಯಲ್ಲಿ. ಗೇಟಿನ ಹೊರಗೆ ಗಂಡಸರು, ಹೆಂಗಸರು, ಮೊಬೈಲು ಹಿಡಿದ ಸುದ್ದಿಯವನೊಬ್ಬ. ಒಳಗೆ ಮಕ್ಕಳು ಅಕ್ಕೋರ ಸೆರಗು ಹಿಡಿದು ಅಳುತ್ತಿದ್ದರು. ಅಡುಗೆಯ ನಿಂಗಮ್ಮ ಎಣ್ಣೆ ತರಲು ಹೋಗಬೇಕು, ನನ್ನನ್ನಾದರೂ ಬಿಡ್ರೋ ಎಂದು ಬೈಯುತ್ತಿದ್ದಳು. ಹೆಡ್‌ಮಾಸ್ತರು ಸಹಿ ಹಾಕುವ ಪೆನ್ನು ಕಿಸೆಗೆ ಸಿಕ್ಕಿಸಿಕೊಂಡು, "ಊರು ಒಪ್ಪಿದ್ರ ನಂದೇನೂ ಇಲ್ಲ" ಎಂದು ಖುರ್ಚಿಯಲ್ಲಿ ಕೂತರು.

ಬಿಸಿಲು ಏರಿ ಗೇಟಿನ ಕಬ್ಬಿಣ ಮುಟ್ಟಲಾಗದಷ್ಟು ಕಾದ ಮೇಲೆ ಅಕ್ಕೋರು ಎದ್ದು ಹೋಗಿ ಅದರೆದುರು ನಿಂತರು. ಹೊರಗಿನ ಗದ್ದಲ ನಿಂತಿತು.

"ಅಕ್ಕೋರೆ, ನಮ್ಮನ್ನ ಬಿಟ್ಟು ಹೋಗಬ್ಯಾಡ್ರಿ" ಅಂದರು ಅಮರೇಗೌಡರು. ದನಿ ನಿಜವಾಗಿಯೂ ಗದ್ಗದವಾಗಿತ್ತು. "ನಮ್ಮ ಹುಡ್ರ ಬಾಯಿಗಿ ಮಾತು ಕೊಟ್ಟೀರಿ ನೀವು. ನಿಮಗ ಏನ್ ಬೇಕು ಹೇಳ್ರಿ. ಊರು ಕೊಡ್ತೈತಿ."

"ಏನ್ ಕೇಳಿದ್ರೂ ಕೊಡ್ತೀರೇನ್ರಿ ಗೌಡ್ರ?"

"ಕೊಡ್ತೀವ್ರಿ. ಹಣಮಪ್ಪನ ಆಣಿ."

"ಹಂಗಾರ ನಾ ಹೋಗಂಗಿಲ್ಲ. ವರ್ಗಾವಣಿ ಬ್ಯಾಡ ಅಂತ ಇಲ್ಲೇ ನಿಂತು ಬರದು ಕೊಡ್ತೀನಿ. ನನಗ ಊರಾಗ ಬಾಡಿಗಿಗಿ ಒಂದು ಮನಿ ಕೊಡ್ರಿ. ನನ್ನ ಮಗಳ್ನ ಕರಕೊಂಡು ಬಂದು ಇಲ್ಲೇ ಇರ್ತೀನಿ."

ಯಾರೋ ಕೆಮ್ಮಿದರು. ಒಬ್ಬರು ಫೋನು ಬಂದವರಂತೆ ಪಕ್ಕಕ್ಕೆ ಸರಿದರು. ಹೆಂಗಸರು ಸೆರಗು ಸರಿಮಾಡಿಕೊಂಡರು. ಅಮರೇಗೌಡರು ಬೀಗದ ಕಡೆ ನೋಡುತ್ತಿದ್ದರು. ಯಾರಾದರೂ ಒಬ್ಬರು ಹೂಂ ಅಂದಾರು ಎಂದು, ದೇವರಾಣೆಗೂ, ನಾನು ಅಲ್ಲಿಯವರೆಗೂ ನಂಬಿದ್ದೆ.

ಆಗ ನಮ್ಮ ರೇಣುಕಾ ಗೇಟಿನ ಸರಳಿನ ನಡುವೆ ಮುಖ ತೂರಿಸಿ ಹೊರಗಿದ್ದ ತಂದೆಗೆ ಹೇಳಿದಳು: "ಅಪ್ಪಾ, ನಮ್ಮ ಹಿತ್ತಲ ಮನಿ ಖಾಲಿ ಐತೆಲ್ಲ. ಅದನ್ನ ಕೊಡು."

"ಸುಮ್ಕಿರು ಲೇ" ಅಂದ ಅವನು. ಬಹಳ ಮೆಲ್ಲಗೆ ಅಂದ, ಆದರೂ ಎಲ್ಲರಿಗೂ ಕೇಳಿಸಿತು.

"ಖರೇನ ಖಾಲಿ ಐತಿ ಅಪ್ಪಾ."

"ಸುಮ್ಕಿರು ಅಂದ್ನೆಲ್ಲ."

ರೇಣುಕಾ ಅಕ್ಕೋರ ಮುಖ ನೋಡಿದಳು, ತಂದೆಯ ಮುಖ ನೋಡಿದಳು, ಸರಳಿನಿಂದ ಹಿಂದೆ ಸರಿದಳು. ಅಕ್ಕೋರು ಅವಳನ್ನು ಹತ್ತಿರಕ್ಕೆ ಎಳೆದುಕೊಂಡು, "ಇರ್ಲಿ ಬಿಡ್ರಿ ಗೌಡ್ರ. ಹುಡ್ರು ಹಸದಾವು, ನಿಂಗಮ್ಮನ್ನ ಹೊರಗ ಬಿಡ್ರಿ" ಅಂದರು.

ಅಮರೇಗೌಡರು ಕೀಲಿ ತೆಗೆದರು. ನಿಂಗಮ್ಮ ಎಣ್ಣೆಗೆ ಹೋದಳು, ಗೇಟು ತೆರೆದೇ ಉಳಿಯಿತು, ಜನ ಒಬ್ಬೊಬ್ಬರಾಗಿ ಗದ್ದೆಯ ಕಡೆ ಕರಗಿದರು. ಮಧ್ಯಾಹ್ನದೊಳಗೆ ಸಹಿ ಆಯಿತು. ಮರುದಿನ ಪತ್ರಿಕೆಯಲ್ಲಿ ಮಕ್ಕಳು ಅಳುವ ಚಿತ್ರದೊಂದಿಗೆ, ಶಿಕ್ಷಕಿಯ ಮೇಲೆ ಗ್ರಾಮಸ್ಥರ ಅಪಾರ ಪ್ರೀತಿ ಎಂದು ಸುದ್ದಿ ಬಂತು. ನಮ್ಮವ್ವ ಅದನ್ನು ಓದಿ ಕಣ್ಣೊರೆಸಿಕೊಂಡಳು.

ಬೀಗ ಬಿದ್ದ ದಿನ ಸಂಜೆ ಬಸ್ಸಿನಲ್ಲಿ ಅಕ್ಕೋರು ಬಿಡುಗಡೆಯ ಕಾಗದ ಚೀಲದಲ್ಲಿಟ್ಟುಕೊಂಡು ಕೂತಿದ್ದರು. ಬಿಡುಗಡೆಯಾದವರ ಮುಖ ಅದಾಗಿರಲಿಲ್ಲ. ನಾನು ಇಳಿಯಲು ಎದ್ದಾಗ ಕೈ ಹಿಡಿದರು. "ನಾ ಕೇಳಬಾರದಾಗಿತ್ತು ಗಿರಿಜಾ."

"ಯಾಕ ಕೇಳಬಾರದು? ಅವರು ನಾಚಿಕಿ ಪಡಬೇಕು."

"ಅವರದು ಬಿಡು, ನನಗ ಮೊದಲ ಗೊತ್ತಿತ್ತು. ಹುಡ್ರ ಮುಂದ ಕೇಳಬಾರದಾಗಿತ್ತು. ಮನ್ಯಾಗ ಏನೈತಿ ಹೇಳು ಹೇಳು ಅಂತ ದಿನಾ ಬಾಗ್ಲಾಗ ನಿಂತು ಕೇಳಿದಾಕಿ ನಾನು. ಅದು ಹೇಳ್ತು. ಅವರಪ್ಪ ಸುಮ್ಕಿರು ಅಂದ. ಇನ್ನ ಆ ಹುಡಿಗಿ ಹೇಳ್ತಾಳಂತೀಯೇನು?"

ಕಂಡಕ್ಟರ್ ಸೀಟಿ ಊದಿದ. ಇಳಿದೆ.

ಅಮರೇಗೌಡರು ಆ ತಿಂಗಳೇ ನನ್ನ ಹತ್ತಿರ ಬಂದು, ಗುಡಿಯ ಹಿಂದಿನ ಮನೆ ಇನ್ನೂ ಖಾಲಿಯೇ ಇದೆ, ನೀವಾದರೂ ಬಂದು ಇದ್ದರೆ ಶಾಲೆಗೆ ಅನುಕೂಲ ಎಂದರು. ಅಕ್ಕೋರಿಗೆ ಖಾಲಿ ಇಲ್ಲ ಅಂದಿದ್ದಿರಲ್ಲ ಎಂದು ಕೇಳಿದೆ. "ನಿಮಗ ಹಂಗೇನಿಲ್ರಿ" ಎಂದು ನಕ್ಕರು. ಒಲ್ಲೆ ಅಂದೆ. ಅವರಿಗೆ ನನ್ನ ಸಿಟ್ಟು ಕೊನೆಗೂ ಅರ್ಥವಾಗಲಿಲ್ಲ, ಹೊಸ ಹುಡುಗಿಯರಿಗೆ ಊರು ಹಿಡಿಸುವುದಿಲ್ಲ ಎಂದುಕೊಂಡರು. ಬೇರೆ ಕೆಲಸ ಸಿಗದ ನಾನು ಈಗಲೂ ಅದೇ ಊರಿಗೆ ಹೋಗಿಬರುತ್ತೇನೆ. ಬೆಳಿಗ್ಗೆ ಬಾಗಿಲಲ್ಲಿ ನಿಲ್ಲುತ್ತೇನೆ, ಮಕ್ಕಳು ಮಾತು ತರುತ್ತಾರೆ. ತೂಬು, ಮಡಿ, ಕಣಜ, ಇಂಥವೇ. ಮನೆಯೊಳಗಿನ ಮಾತು ಕಡಿಮೆಯಾಗಿದೆ. ರೇಣುಕಾ ಮೇಲಿನ ತರಗತಿಗೆ ಹೋಗಿದ್ದಾಳೆ, ಎದುರು ಸಿಕ್ಕರೆ ನಮಸ್ಕಾರ ಮಾಡುತ್ತಾಳೆ.

ಅಕ್ಕೋರನ್ನು ನಾನು ಕೊನೆಯ ಸಲ ನೋಡಿದ್ದು ಲಿಂಗಸುಗೂರಿನ ಅವರ ಮನೆಯಲ್ಲಿ, ಅವರು ನಮ್ಮ ಶಾಲೆ ಬಿಟ್ಟು ಒಂದು ವರ್ಷವಾಗಿತ್ತು. ಆಮೇಲೆ ಗಂಡನಿಗೆ ದೂರದ ಕಡೆ ಕೆಲಸವಾಗಿ ಎಲ್ಲರೂ ಹೊರಟುಹೋದರು, ಫೋನೂ ಅಪರೂಪವಾಯಿತು. ಅವತ್ತು ಬಾಗಿಲು ತೆಗೆದವಳು ಮಿತ್ರಾ. ಹಲ್ಲು ಬಿದ್ದ ಬಾಯಿ, ಎರಡು ಜಡೆ. ನನ್ನ ಚಪ್ಪಲಿ, ಚೀಲ, ಚೀಲದೊಳಗಿನ ಕೊಡೆ, ಒಂದನ್ನೂ ಬಿಡದೆ ಹೆಸರು ಹಿಡಿದು ಕೇಳುತ್ತ ಒಳಗೆ ಎಳೆದುಕೊಂಡು ಹೋದಳು. ಕೂತ ಮೇಲೂ ಬಾಯಿ ನಿಲ್ಲಲಿಲ್ಲ. ಅಜ್ಜಿ ಮೂಲೆಯಲ್ಲಿ ಕೂತು, ಏನೂ ಕೇಳದಿದ್ದರೂ ಮೊಮ್ಮಗಳ ತುಟಿ ನೋಡುತ್ತ ನಗುತ್ತಿದ್ದರು. ಅಕ್ಕೋರು ಅಡುಗೆಮನೆಯಿಂದಲೇ, "ಈಗ ಬಾಯಿ ಮುಚ್ಚಸೋದ ದೊಡ್ಡ ಕೆಲಸಾಗೇತಿ ಗಿರಿಜಾ" ಅಂದರು. ದನಿಯ ತುಂಬ ಸುಖವಿತ್ತು.

ಮಿತ್ರಾ ನನ್ನ ಮೊಣಕಾಲಿಗೆ ಒರಗಿ ನಿಂತಳು. "ನೀವು ಅವ್ವನ ಹಳೇ ಸಾಲಿಯವರೇನ್ರಿ?"

"ಹೌದವಾ."

"ಅವ್ವ ಅಲ್ಲಿದ್ದಾಗ ನನ್ನ ಯಾಕ ಕರಕೊಂಡು ಹೋಗಿಲ್ಲ ಅಂತ ನಾ ಕೇಳಿದ್ದೆ ರೀ. ಆ ಊರಾಗ ಮನಿ ಇಲ್ಲವಾ ಅಂದ್ಲು."

ನಾನು ಅವಳ ಜಡೆಯ ರಿಬ್ಬನ್ನು ಸರಿಮಾಡಿದೆ.

"ಒಂದೂ ಮನಿ ಇಲ್ಲೇನ್ರಿ? ಹಂಗಾರ ಆ ಊರಿನ ಮಂದಿ ಎಲ್ಲಿ ಮಕ್ಕೊಂತಾರ್ರಿ?"

ಕೇಳಿ ನನ್ನ ಮುಖವನ್ನೇ ನೋಡುತ್ತ ನಿಂತಳು. ಅಡುಗೆಮನೆಯಲ್ಲಿ ಚಹಾ ಸೋಸುವ ಸದ್ದು ನಿಂತಿತು. ಅಕ್ಕೋರೂ ನನ್ನ ಉತ್ತರಕ್ಕಾಗಿ ಕಾಯುತ್ತಿದ್ದರು.